ನಲವತ್ತೆರಡು ಸದ್ದುಗಳ ಪೆಟ್ಟಿಗೆ

ಫೆಬ್ರವರಿ 9, ಬೆಳಿಗ್ಗೆ 7

ಗಿಟಾರಿನ ಡಿಲೇ ಪೆಡಲ್ಲಿನ ವೈರು ಮತ್ತೆ ಬೆಸುಗೆ ಬಿಟ್ಟಿತ್ತು. ಹಚ್ಚಿದೆ. ಕೋರಸ್ ಪೆಡಲ್ಲಿಗೆ ಹೊಸ ಬ್ಯಾಟರಿ. ವಾ ಪೆಡಲ್ಲಿಗೆ ಒಂದು ಹನಿ ಹೊಲಿಗೆ ಮಷಿನ್ ಎಣ್ಣೆ. ನಿನ್ನೆ ಗೋವಿನಕೋವಿಯ ಮದುವೆಯಲ್ಲಿ ಅದು ಕಿರ್ ಅಂದಿತು, ಆ ಕಿರ್ರಿಗೂ ಚಪ್ಪಾಳೆ ಬಿತ್ತು. ನಮ್ಮ ಶ್ರೋತೃಗಳ ಅಭಿರುಚಿಗೆ ಎಣ್ಣೆ ಹಾಕುವವರಿಲ್ಲ.

ಐದು ಪೆಡಲ್, ಒಂದು ಪ್ಲೈವುಡ್ ಹಲಗೆ, ಹನ್ನೆರಡು ವರ್ಷ. ಕಾಲಲ್ಲಿ ತುಳಿದರೆ ಗಿಟಾರಿನ ದನಿ ಬದಲಾಗುತ್ತದೆ. ಒಂದೊಂದು ತಗಡಿನ ಡಬ್ಬಿಗೆ ಒಂದೊಂದೇ ವಿದ್ಯೆ. ಒಂದೂ ವಿದ್ಯೆ ಬಾರದೆ ಐದು ಹುದ್ದೆ ಹಿಡಿದು ಕೂತವರು ಈ ಹೊನ್ನಾಳಿಯಲ್ಲಿದ್ದಾರೆ, ಅವರಿಗಿಂತ ವಾಸಿ.

ಸುಧಾ ಕಾಫಿ ಇಟ್ಟಳು. "ಅವಕ್ಕೆ ಮಾಡೋ ಸೇವೆನ ಅಂಗ್ಡಿ ಪ್ರಿಂಟರ್‌ಗೆ ಮಾಡಿದ್ರೆ..." ನನ್ನ ಹೆಂಡತಿಗೆ ಡಿಲೇ ಪೆಡಲ್ ಬೇಕಿಲ್ಲ. ಒಮ್ಮೆ ಆಡಿದ ಮಾತು ತಾನಾಗಿ ಮೂರು ಸಲ ಕೇಳಿಸುತ್ತದೆ.

ಫೆಬ್ರವರಿ 17

ನನ್ನ ಜೆರಾಕ್ಸ್ ಅಂಗಡಿಗೆ ತಿಪ್ಪೇಶಣ್ಣನ ಸವಾರಿ. ನಮ್ಮ ಆರ್ಕೆಸ್ಟ್ರಾದ ಮಾಲೀಕ. ಸಂಗೀತದಲ್ಲಿ ಅವನಿಗೆ ಗೊತ್ತಿರುವುದು ಟೆಂಪೋ ಒಂದೇ, ಅದೂ ನಾಲ್ಕು ಚಕ್ರದ್ದು. ನಾನು ಪ್ರೂಫ್ ನೋಡುತ್ತಿದ್ದ ಲಗ್ನಪತ್ರಿಕೆಯ ಮೇಲೇ ಒಂದು ರಟ್ಟಿನ ಡಬ್ಬಿ ಕುಕ್ಕಿದ.

"ಪ್ರಸಾದ, ಇನ್ಮ್ಯಾಲೆ ಇದೊಂದೇ. ನಿನ್ನ ಐದು ಡಬ್ಬಿ, ಆ ವೈರು, ಆ ಟೇಪು... ಸಾಕು ಮಾರಾಯ. ಸ್ಟೇಜ್ ಹತ್ತಿ ಜೋಡ್ಸಾಕೆ ಮುಕ್ಕಾಲು ಗಂಟೆ ತಗಂತಿ. ಅಷ್ಟರಾಗೆ ಗಂಡು-ಹೆಣ್ಣು ಊಟ ಮಾಡಿ ಮಲಗಿರ್ತಾವೆ."

"ಇದ್ರಾಗೆ ಏನೈತೆ?"

"ಎಲ್ಲಾ ಐತೆ."

ಎಲ್ಲಾ ಇದೆ ಎನ್ನುವವರನ್ನು ನಾನು ಚುನಾವಣೆಯಲ್ಲೂ ನಂಬಿದವನಲ್ಲ.

ಮಲ್ಟಿ ಎಫೆಕ್ಟ್ಸ್ ಅಂತೆ. ಸೈಡ್ ಎಫೆಕ್ಟ್ಸ್ ಬಗ್ಗೆ ಡಬ್ಬಿಯ ಮೇಲೆ ಏನೂ ಬರೆದಿಲ್ಲ. ನೆಲದ ಮೇಲಿಡುವ ಮೊಳದುದ್ದದ ಕಪ್ಪು ಪೆಟ್ಟಿಗೆ, ಆರು ಸ್ವಿಚ್ಚು, ಮಧ್ಯೆ ಅಂಗೈಯಷ್ಟು ಪರದೆ. ಇನ್ನೂರು ಸದ್ದು ಮೊದಲೇ ತುಂಬಿ ಕಳಿಸಿದ್ದಾರೆ. ಕೂತು ಕೇಳಿದೆ. ನೂರೆಂಬತ್ತು, ಬಚ್ಚಲಲ್ಲಿ ಚೊಂಬು ಬಿದ್ದ ಸದ್ದು. ಉಳಿದ ಇಪ್ಪತ್ತು, ಬಿದ್ದ ಚೊಂಬು ಉರುಳುವ ಸದ್ದು.

ಫೆಬ್ರವರಿ 24

ನಿನ್ನೆ ಸವಳಂಗದಲ್ಲಿ ಪೆಟ್ಟಿಗೆಯ ಗೃಹಪ್ರವೇಶ. ಎರಡನೆಯ ಹಾಡಿಗೆ ಕರೆಂಟು ಹೋಯಿತು, ಜನರೇಟರ್ ಬಂತು. ನನ್ನ ಹಳೆಯ ಪೆಡಲ್‌ಗಳದು ಬ್ಯಾಟರಿಯ ಬದುಕು, ಕರೆಂಟು ಸತ್ತರೆ ಅವಕ್ಕೆ ಸೂತಕವಿಲ್ಲ. ಈ ಮಹಾಶಯ ಏಳಲು ನಲವತ್ತು ಸೆಕೆಂಡು. ಕಂಪನಿಯ ಮುದ್ರೆ ತೋರಿಸಿ, ಹೆಸರು ಹೇಳಿ, ಸುಧಾರಿಸಿಕೊಂಡು... ಅದು ಬೂಟ್ ಆಗುವವರೆಗೆ ನಾನು ನನ್ನ ಬೂಟು ನೋಡುತ್ತ ನಿಂತೆ.

ಗಾಯಕಿ ಶಿವಲೀಲಾ ಮೈಕು ಮುಚ್ಚಿ ಕೇಳಿದಳು: "ಯಾಕ್ ಪ್ರಸಾದಣ್ಣ, ನಿನ್ ಗಿಟಾರು ಮೌನಾನುಷ್ಠಾನಕ್ಕೆ ಕುಂತೈತಾ?"

ಅದಕ್ಕಿಂತ ದೊಡ್ಡ ಅವಮಾನ ಚೀಟಿಯದು. ನಮ್ಮಲ್ಲಿ ಮೊದಲ ಹಾಡು ದೇವರದು, ಆಮೇಲಿನದೆಲ್ಲ ಚೀಟಿ. ಜನ ಬರೆದು ಕಳಿಸಿದ್ದನ್ನು ಆ ಕ್ಷಣ ಬಾರಿಸಬೇಕು. ಹಾಡಿನ ಹೆಸರೂ ಬರೆಯುವುದಿಲ್ಲ: "ತಂಗಿ ಹಾಡು", "ಲಾರಿ ಹಾಡು", "ಕುಡ್ದು ಅಳೋದು". ಲಾರಿಯ ಸದ್ದು ಪೆಟ್ಟಿಗೆಯಲ್ಲಿ ಮೂರನೆಯದು, ತಂಗಿಯದು ತೊಂಬತ್ತೇಳನೆಯದು. ತುಳಿದೆ, ತುಳಿದೆ, ತುಳಿದೆ. ರಾಗಿ ತುಳಿಯುವ ಎತ್ತಿಗೂ ಇಷ್ಟು ಸುತ್ತಿಲ್ಲ.

ಮಾರ್ಚ್ 2

ಕಂಪನಿಯ ಚೊಂಬುಗಳನ್ನೆಲ್ಲ ಅಳಿಸಿದೆ. ನನ್ನ ಸದ್ದು ನಾನೇ ತುಂಬುತ್ತೇನೆ. ಹಾಡಿಗೊಂದು. ಚೀಟಿ ಹೇಗೆ ಬಂದರೂ ಕಾಲಿಗೆ ಸಿಗಬೇಕು. ಹಾಗಾಗಿ ಅಕಾರಾದಿಯಲ್ಲಿ! ಕುಡುಕ, ತಂಗಿ, ಮಳೆ, ಲಾರಿ. ಕನ್ನಡ ಎಂ.ಎ. ಮಾಡಿದ್ದಕ್ಕೆ ಹದಿನಾರು ವರ್ಷದ ಮೇಲೆ ಕೆಲಸ ಸಿಕ್ಕಿತು, ಕಾಲಿಗೆ.

ಪ್ಯಾಚ್ ಎನ್ನುತ್ತಾರೆ ಒಂದೊಂದನ್ನು. ತೇಪೆ. ಸರಿಯಾಗೇ ಇದೆ.

ಮಾರ್ಚ್ 30

ಮುಗಿಯಿತು. ನಲವತ್ತೆರಡು.

ದಿನಾ ಅಂಗಡಿ ತೆರೆಯುವ ಮೊದಲು ಎರಡು ಗಂಟೆ. ಹಳೆಯ ಹಲಗೆ ಒಂದು ಪಕ್ಕ, ಪೆಟ್ಟಿಗೆ ಇನ್ನೊಂದು ಪಕ್ಕ. ಅದರಲ್ಲಿ ಬಾರಿಸುವುದು, ಇದರಲ್ಲಿ ಬಾರಿಸುವುದು, ಕೂದಲೆಳೆಯಷ್ಟು ತಿರುಗಿಸುವುದು. ನಿನ್ನೆ ಚನ್ನಗಿರಿಯಲ್ಲಿ ನಾಲ್ಕೇ ನಿಮಿಷದಲ್ಲಿ ಜೋಡಿಸಿ ನಿಂತೆ. ಒಂದು ಚೀಟಿಗೂ ತಡವರಿಸಲಿಲ್ಲ. ತಂಗಿ ಹಾಡಿಗೆ ಅಡುಗೆಯವರೂ ಸೌಟು ಹಿಡಿದು ಬಂದು ನಿಂತರು.

ಆ ಒಂದು ಸದ್ದು ನನ್ನ ಐದು ಡಬ್ಬಿಗಳದಕ್ಕಿಂತ ಚೆನ್ನಾಗಿದೆ. ಈ ವಾಕ್ಯ ಬರೆದು ಹೊಡೆದುಹಾಕಿದೆ. ಮತ್ತೆ ಬರೆದೆ. ಇರಲಿ, ಯಾರು ಓದುತ್ತಾರೆ.

ಏಪ್ರಿಲ್ 6

ತಿಪ್ಪೇಶಣ್ಣನ ಬಾಮೈದ ಬಂದಿದ್ದ. ಸಿದ್ದೇಶ. ಇಪ್ಪತ್ತಾರು ವರ್ಷ, ನ್ಯಾಮತಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಗಿಟಾರ್ ಬಾರಿಸುತ್ತಾನೆ, ಮೊಬೈಲ್ ರಿಪೇರಿ ಮಾಡಿದ ಹಾಗೆಯೇ. ಎಲ್ಲ ಬಿಚ್ಚುತ್ತಾನೆ, ಮತ್ತೆ ಜೋಡಿಸುವಾಗ ಒಂದು ಸ್ಕ್ರೂ ಉಳಿದಿರುತ್ತದೆ.

"ಅಣ್ಣ, ತಂಗಿ ಹಾಡಿಂದು ಹೆಂಗ್ ಮಾಡ್ದೆ? ಒಂಚೂರು ತೋರ್ಸಣ್ಣ. ಚನ್ನಗಿರಿಯಾಗೆ ಕೇಳ್ದಾಗಿಂದ ನಿದ್ದಿ ಇಲ್ಲ ನಂಗೆ."

ಹೊಗಳಿಕೆಗೆ ನಾನು ಕರಗುವವನಲ್ಲ. ಎರಡು ಗಂಟೆ ತೋರಿಸಿದೆ. ನಲವತ್ತೆರಡನ್ನೂ. ಕೊನೆಗೆ ಎಚ್ಚರಿಕೆಯನ್ನೂ ಹೇಳಿದೆ: ತುದಿಯ ಎರಡು ಸ್ವಿಚ್ಚು ಒಟ್ಟಿಗೆ ತುಳಿದಿರುವಾಗ ಕರೆಂಟು ಬಂದರೆ ಎಲ್ಲ ಅಳಿಸಿಹೋಗುತ್ತದೆ, ಕಂಪನಿಯದು ಮಾತ್ರ ಉಳಿಯುತ್ತದೆ.

"ಅಯ್ಯೋ, ಕಾಲು ಕಟ್ಕಂಡೇ ನಿಂದ್ರುತೀನಿ ಬಿಡಣ್ಣ" ಅಂದ. ಪೆದ್ದ.

ಏಪ್ರಿಲ್ 18

ತಿಪ್ಪೇಶಣ್ಣ ಬಂದವನು ಕೂರಲಿಲ್ಲ. ಕೂರದೆ ಮಾತಾಡುವವರು ಒಳ್ಳೆಯದನ್ನು ಹೇಳಿದ್ದು ನನಗೆ ನೆನಪಿಲ್ಲ.

"ಪ್ರಸಾದ, ನೀನಿನ್ನು ರೆಸ್ಟ್ ತಗ. ಅಂಗ್ಡಿ ನೋಡ್ಕ. ಭಾನುವಾರ ಜಗಳೂರು ಪ್ರೋಗ್ರಾಮಿಂದ ಸಿದ್ದೇಶನೇ ಬಾರಿಸ್ತಾನೆ."

"ಅವ್ನಿಗೆ ಬರತ್ತಾ?"

"ಬರಾಕೆ ಏನೈತೆ? ಸದ್ದೆಲ್ಲ ಅದ್ರಾಗೇ ಐತಲ್ಲ. ನೀನೇ ತುಂಬೀಯ. ನಾಳೆ ಟೆಂಪೋ ಬರತ್ತೆ, ಪೆಟ್ಟಿಗೆ ಕೊಟ್ಬಿಡು."

ಹನ್ನೆರಡು ವರ್ಷ. ನಾನು ಮೂರ್ಖನೆಂಬುದಕ್ಕೆ ಸಾಕ್ಷಿ ಬೇಕೆ? ನನ್ನ ಜಾಗ ಖಾಲಿ ಮಾಡಲು ಬೇಕಾದ ಸಾಮಾನನ್ನೆಲ್ಲ ನಾನೇ ಕಟ್ಟಿದ್ದೇನೆ. ಹೆಸರು ಬರೆದು, ಅಕಾರಾದಿಯಲ್ಲಿ ಜೋಡಿಸಿ. ನಲವತ್ತೆರಡು ಪುಟದ ರಾಜೀನಾಮೆ.

ಸುಧಾ ಕಾಫಿ ಲೋಟ ಕುಕ್ಕಿ ಹೋದಳು. ಅದೂ ಮೂರು ಸಲ ಕೇಳಿಸಿತು.

ಏಪ್ರಿಲ್ 19, ಬೆಳಿಗ್ಗೆ 6.10

ಬರಿಗಾಲಲ್ಲಿ ಎರಡು ಸ್ವಿಚ್ಚು ತುಳಿದೆ. ಪ್ಲಗ್ ಹಾಕಿದೆ.

"ಖಚಿತವೇ" ಎಂದು ಕೂಡ ಕೇಳಲಿಲ್ಲ ಪೆಟ್ಟಿಗೆ. ಇಷ್ಟು ಮೆಮರಿ ಇದೆ, ಒಂದಿಷ್ಟು ಜ್ಞಾಪಕವಿಲ್ಲ. ಮುದ್ರೆ, ಹೆಸರು, ನಲವತ್ತು ಸೆಕೆಂಡು. ಇನ್ನೂರು ಚೊಂಬುಗಳೂ ಮರಳಿ ಬಂದವು.

ಎಂಟಕ್ಕೆ ಟೆಂಪೋ. ನಾನೇ ವೈರು ಸುತ್ತಿ, ಬಟ್ಟೆಯಿಂದ ಒರೆಸಿ ಕೊಟ್ಟೆ. ಜಗಳೂರು ಕೇಳಲಿ ಕಂಪನಿಯ ಸಂಗೀತ.

ಏಪ್ರಿಲ್ 21

ಫೋನ್ ಇಲ್ಲ. ಬೈಗುಳಕ್ಕೆ ಉತ್ತರ ಸಿದ್ಧ ಮಾಡಿಟ್ಟಿದ್ದೇನೆ, ಮೂರು ಬಗೆಯಲ್ಲಿ.

ಏಪ್ರಿಲ್ 22

ಇಲ್ಲ. ಉತ್ತರಗಳು ಹಳಸುತ್ತಿವೆ.

ಏಪ್ರಿಲ್ 24

ಶಿವಲೀಲಾ ಆಧಾರ್ ಜೆರಾಕ್ಸಿಗೆ ಬಂದಿದ್ದಳು. ನಾನಾಗಿ ಕೇಳಲಿಲ್ಲ. ಒಂದೇ ಕಾಪಿ ಬೇಕಿದ್ದುದಕ್ಕೆ ನಾಲ್ಕು ತೆಗೆದೆ, ಅಷ್ಟರಲ್ಲಿ ಅವಳೇ ಶುರು ಮಾಡಿದಳು.

"ಜಗಳೂರಾಗೆ ಏನಾತು ಗೊತ್ತೇನಣ್ಣ? ಜನರೇಟರ್ ಚಾಲೂ ಮಾಡಿದ್ರು. ಸಿದ್ದೇಶ ಪೆಟ್ಟಿಗೆ ನೋಡ್ತಾನೆ, ನಿನ್ ಹಾಡು ಒಂದೂ ಇಲ್ಲ! ಮಖ ಬೂದಿ ಆತು ಅವಂದು."

"ಆಮೇಲೆ?"

"ಆಮೇಲೇನು, ಪೆಟ್ಟಿಗೆ ಬಿಚ್ಚಿ ಪಕ್ಕಕ್ಕಿಟ್ಟ. ಮೂರು ತಾಸು ಬರೇ ಒಣ ಗಿಟಾರು. ಬೆವರು ದಳದಳ. ತಪ್ಪಿದ, ತಿದ್ಕಂಡ, ತಪ್ಪಿದ. ತಂಗಿ ಹಾಡಿಗೆ ಮಾತ್ರ ಜನ ಗಪ್ಪಾಗಿ ಕೇಳಿದ್ರು ನೋಡು. ಇಳಿದ ಮ್ಯಾಲೆ ತಿಪ್ಪೇಶಣ್ಣ ಎಲ್ಲಾರ ಮುಂದೇ ಉಗಿದ."

"ಸಿದ್ದೇಶ ಏನಂದ?"

"ಏನಂತಾನೆ? 'ಕತ್ಲಾಗೆ ನಾನೇ ಎರಡು ಸ್ವಿಚ್ ತುಳ್ದೀನಿ, ಅಣ್ಣ ಹೇಳಿದ್ರು ಕೇಳ್ಲಿಲ್ಲ, ಅಣ್ಣಂದೆಲ್ಲ ಅಳಿಸಿ ಹಾಕ್ದೆ' ಅಂತ ಕಣ್ಣೀರು. ಅಕ್ಕನ ಗಂಡ ಆದ್ರೇನು, ಟೆಂಪೋ ಹತ್ತಬ್ಯಾಡ ಅಂದುಬಿಟ್ಟ. ಪಾಪ, ಈ ಗಿಟಾರ್ ನಂಬ್ಕಂಡು ಮೊಬೈಲ್ ಅಂಗ್ಡಿ ಬ್ಯಾರೇರಿಗೆ ವಹಿಸಿ ಬಂದಿದ್ನಂತೆ."

ನಾಲ್ಕು ಕಾಪಿಯನ್ನೂ ಕೊಟ್ಟು ಕಳಿಸಿದೆ.

ಏಪ್ರಿಲ್ 25

ತಿಪ್ಪೇಶಣ್ಣನ ಫೋನ್. "ಪ್ರಸಾದ, ಹಳೇದು ಮರ್ತುಬಿಡಪ್ಪ. ಭಾನುವಾರ ಕತ್ತಲಗೆರೆ. ನೀನೇ ಬಾ. ನಿನ್ನ ಐದು ಡಬ್ಬಿನೇ ತಗಂಬಾ. ಮುಕ್ಕಾಲು ಗಂಟೆಯಲ್ಲ, ಒಂದು ಗಂಟೆ ತಗ."

ಗೆದ್ದೆ. ಇಂಥ ದಿನ ಎರಡು ಪುಟ ಬರೆಯಬೇಕು, ತಿಪ್ಪೇಶನನ್ನು ಅಡ್ಡಡ್ಡ ಸೀಳಬೇಕು. ಪದ ಬರುತ್ತಿಲ್ಲ. ಹಲಗೆ ತೆಗೆದು ಧೂಳು ಹೊಡೆದೆ. ಡಿಲೇ ವೈರು ಸರಿಯಿದೆ. ಎಲ್ಲವೂ ಸರಿಯಿದೆ. ಬಾರಿಸಲಿಲ್ಲ.

ಏಪ್ರಿಲ್ 27, ಬೆಳಿಗ್ಗೆ 9

ಏಳಕ್ಕೆ ಬಾಗಿಲಲ್ಲಿ ಸಿದ್ದೇಶ. ನ್ಯಾಮತಿಯಿಂದ ಬೈಕಿನಲ್ಲಿ, ಪೆಟ್ಟಿಗೆಯನ್ನು ಕೂಸಿನ ಹಾಗೆ ಎದೆಗೆ ಕಟ್ಟಿಕೊಂಡು. ಒಳಗೆ ಬಂದವನೇ ನನ್ನ ಕಾಲು ಮುಟ್ಟಲು ಬಗ್ಗಿದ. ಹಿಂದಕ್ಕೆ ಸರಿದೆ. ಬಲಗಾಲನ್ನೇ ಹಿಡಿದ. ಮುಟ್ಟಲು ಬೇರೆ ಏನೂ ಇರಲಿಲ್ಲವೇ ನನ್ನಲ್ಲಿ.

"ತಪ್ಪಾತಣ್ಣ. ಹನ್ನೆರಡು ವರ್ಷದ್ದು ನನ್ನ ಕಾಲಿಂದ ಹೋತು. ಭಾವ ಮತ್ತೆ ಸೇರಿಸ್ಕಳ್ಲಿ ಅಂತ ಬಂದಿಲ್ಲಣ್ಣ, ಅವ್ರು ಸೇರ್ಸೋದು ಬ್ಯಾಡ. ನಿನ್ ಸದ್ದು ನಿಂಗೆ ವಾಪಸ್ ಮಾಡಿ ಹೋಗ್ತೀನಿ. ನಲವತ್ತೆರಡರ ಹೆಸರೂ ನೆಪ್ಪೈತೆ. ನೀನು ಬರೇ ಕಿವಿ ಕೊಡು ಸಾಕು."

ಹಾಲ್‌ನಲ್ಲಿ ಕೂತಿದ್ದಾನೆ. ಸುಧಾ ಮಂಡಕ್ಕಿ ಕೊಟ್ಟಳು, ಮುಟ್ಟಿಲ್ಲ. ಹತ್ತೊಂಬತ್ತನೆಯ ಸದ್ದಿಗೆ ಬಂದಿದ್ದಾನೆ. ಲೇಖನಿ ತರುವ ನೆಪದಲ್ಲಿ ಒಳಕೋಣೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಹನ್ನೆರಡು ವರ್ಷ ಎಲ್ಲರನ್ನೂ ಇದೇ ಪುಸ್ತಕದಲ್ಲಿ ತೂಗಿ ಕೆಳಗಿಟ್ಟವನು. ಇವತ್ತಿನ ತೂಕ ಯಾರು ಬರೆಯಬೇಕು?

ತಂಗಿ ಹಾಡು ಹಿಡಿದಿದ್ದಾನೆ ಈಗ. ಡಿಲೇ ಒಂದು ಎಳೆ ಜಾಸ್ತಿ. ಉಳಿದದ್ದು... ಉಳಿದದ್ದು ಸರಿಯಾಗಿದೆ. ಬಾರಿಸುತ್ತಾನೆ ಅವನು. ಬಾರಿಸಬಲ್ಲ.

"ಅಣ್ಣ, ಬಂದು ಕೇಳಣ್ಣ. ಇದೇ ಹೌದಾ?"

ಹೋಗುತ್ತೇನೆ. ಹೋಗಿ ನಿಂತು, ಬೇರೆ ಮಾತಿಗೆ ಮೊದಲು, ಚೇಷ್ಟೆ ಗೀಷ್ಟೆ ಬೆರೆಸದೆ ಹೇಳಬೇಕು: ಸಿದ್ದೇಶ, ನೀನು ಏನನ್ನೂ ತುಳಿಯಲಿಲ್ಲ, ಆ ಎರಡು ಸ್ವಿಚ್ಚಿನ ಮೇಲೆ ಇದ್ದದ್ದು...