ನೋವಾಗದ ಜಾಗ

ಮಾರ್ಚ್ ೧೨, ಗುರುವಾರ

ಶುಗರ್ ಏಕೆ ಇಳಿಯುತ್ತಿಲ್ಲ ಎಂಬುದಕ್ಕೆ ಇಂದು ಉತ್ತರ ಸಿಕ್ಕಿತು. ಸಂತೋಷಪಡುವಷ್ಟೂ ತ್ರಾಣವಿಲ್ಲ.

ಆಸ್ಪತ್ರೆಯ ನರ್ಸ್ ನನ್ನ ಹೊಟ್ಟೆ ಮುಟ್ಟಿ ನೋಡುತ್ತಾ ಹೊಕ್ಕುಳ ಬಲಕ್ಕೆ ಬೆರಳಿಟ್ಟರು. ಅಲ್ಲೊಂದು ಗಂಟು.

"ಇನ್ಸುಲಿನ್ ಯಾವಾಗ್ಲೂ ಇಲ್ಲೇ ತಗೋತೀರಾ?"

"ನಾನೇ ಚುಚ್ಚೋದು. ಅಲ್ಲಾದ್ರೆ ಇವಳಿಗೆ ನೋವೇ ಆಗಲ್ಲ," ಎಂದರು ನಮ್ಮವರು. ಜೀವನವಿಡೀ ಬಟ್ಟೆ ಹೊಲಿದ ಕೈ. ಸೂಜಿ ಗೆರೆ ತಪ್ಪಬಾರದು ಅವರಿಗೆ.

"ಒಂದೇ ಕಡೆ ಚುಚ್ಚಿ ಚುಚ್ಚಿ ಮರಗಟ್ಟಿದೆ, ಅದಕ್ಕೇ ನೋವಿಲ್ಲ. ಔಷಧಿ ರಕ್ತಕ್ಕೆ ಸರಿಯಾಗಿ ಸೇರ್ತಾನೇ ಇಲ್ಲ. ಇನ್ಮೇಲೆ ದಿನಾ ಜಾಗ ಬದಲಾಯಿಸಿ. ಹೊಸ ಜಾಗದಲ್ಲಿ ಔಷಧಿ ಪೂರ್ತಿ ಹತ್ತುತ್ತೆ ಅಂತ ಡಾಕ್ಟ್ರು ಡೋಸ್ ಇಳಿಸಿದಾರೆ, ಆದ್ರೂ ಶುಗರ್ ತಟ್ಟನೆ ಬೀಳಬಹುದು. ಕೈಗೆ ಸಿಗೋ ಹಾಗೆ ಸಕ್ಕರೆ ಇಟ್ಕೊಳಿ."

ಕದ್ದು ತಿನ್ನುತ್ತೇನೆಂದು ತಿಂಗಳುಗಟ್ಟಲೆ ಇವರಿಂದ ಮಾತು ಕೇಳಿದ್ದೇನೆ. ಸಕ್ಕರೆ ಡಬ್ಬಿ ಅಟ್ಟ ಹತ್ತಿತ್ತು. ಮನೆಗೆ ಬರುವಾಗ ನಾನು ಅದನ್ನು ಕೆದಕಲಿಲ್ಲ, ಜಗಳಕ್ಕೂ ಕಸುವು ಬೇಕಲ್ಲ.

ಊಟಕ್ಕೆ ಮುಂಚೆ ತೊಡೆಗೆ ಚುಚ್ಚಿದರು.

"ನೋವಾಯ್ತಾ?"

"ಆಯ್ತು," ಎಂದೆ.

ಆಮೇಲೆ ಒಳಗೆ ಸ್ಟೂಲು ಎಳೆದ ಸದ್ದು ಕೇಳಿಸಿತು. ಅಟ್ಟದ ಡಬ್ಬಿ ಈಗ ನನ್ನ ದಿಂಬಿನ ಪಕ್ಕದಲ್ಲಿದೆ. ಮುಚ್ಚಳ ಸಡಿಲ ಮಾಡಿ, ಚಮಚವನ್ನೂ ಇಟ್ಟಿದ್ದಾರೆ.