ಹೊಸ ಶಿವದಾರ

ಪೆದ್ದಕಡುಬೂರು
೨೨-೧-೧೯೫೬, ಭಾನುವಾರ ಮಧ್ಯಾಹ್ನ

ಪ್ರೀತಿಯ ಆದೆಪ್ಪಣ್ಣನಿಗೆ ನಿನ್ನ ತಮ್ಮ ಉರುಕುಂದನ ಶರಣು.

ನಿನ್ನ ಕೆಮ್ಮು ಹೇಗಿದೆ? ಕಾಲುವೆ ಕೆಲಸದ ಧೂಳು ಎದೆಗೆ ಹೋಗುತ್ತದೆ ಎಂದು ನೀನು ದೀಪಾವಳಿಯಲ್ಲಿ ಬರೆದಿದ್ದೆ, ಆಮೇಲೆ ಕಾಗದವಿಲ್ಲ. ಹೊಸಪೇಟೆಯಲ್ಲಿ ಚಳಿ ಜಾಸ್ತಿಯೋ ಏನೋ. ಕೊಟ್ಟೂರಿಗೆ ಹೊರಟಿದ್ದವರ ಕೈಲಿ ಅವ್ವ ಕಳಿಸಿದ ಕಂಬಳಿ ನಿನಗೆ ಮುಟ್ಟಿತೇ? ಮುಟ್ಟಿದ್ದರೆ ಹೊದ್ದುಕೋ, ಯಾರಿಗೋ ಕೊಟ್ಟುಬಿಡಬೇಡ. ನಿನ್ನ ಕೈ ನನಗೆ ಗೊತ್ತು. ನಡುವೆ ಗೆರೆ ಎಳೆದು ನಿಮ್ಮನ್ನು ಮೈಸೂರಿಗೂ ನಮ್ಮನ್ನು ಆಂಧ್ರಕ್ಕೂ ಹಾಕಿದ ಮೇಲೆ ಟಪಾಲು ಬಹಳ ನಿಧಾನ. ನಿನ್ನ ಮೌನಕ್ಕೆ ಅದೇ ಕಾರಣ ಎಂದು ಅವ್ವನಿಗೆ ಹೇಳುತ್ತಾ ಬಂದಿದ್ದೇನೆ. ಅವ್ವ ನಂಬಿದಂತೆ ಮಾಡುತ್ತಾಳೆ. ಇಲ್ಲಿ ಅಪ್ಪ ಗಟ್ಟಿಯಾಗಿದ್ದಾನೆ, ಅವ್ವನ ಮೊಣಕಾಲು ನೋವು ಬಿಸಿಲು ಏರಿದ ಮೇಲೆ ಕಡಿಮೆ. ನಾನು ಬಿ.ಎ. ಮುಗಿಸಿ ಬಂದು ಎಂಟು ತಿಂಗಳಾದರೂ ಅರ್ಜಿ ಬರೆಯುತ್ತಲೇ ಇದ್ದೇನೆ. ಆದವಾನಿಯ ಸ್ಕೂಲಿನಲ್ಲಿ ತೆಲುಗು ಬಲ್ಲ ಕನ್ನಡ ಮೇಷ್ಟ್ರು ಬೇಕಂತೆ. ಹೋಗಿ ಮಾತಾಡು ಎಂದು ಅಪ್ಪ ದಿನಾ ಹೇಳುತ್ತಾನೆ. ನನಗೆ ಬರೆಯುವುದಾದರೆ ಬರುತ್ತದೆ, ಹೋಗಿ ಮಾತಾಡುವುದು ಬರುವುದಿಲ್ಲ.

ಈಗ ಅಜ್ಜಿಯ ಸುದ್ದಿ. ಮೊದಲೇ ಹೇಳಿಬಿಡುತ್ತೇನೆ, ಈಗ ಆಕೆ ಆರಾಮಾಗಿದ್ದಾಳೆ. ಇದನ್ನು ಬರೆಯುತ್ತಿರುವಾಗ ಪಡಸಾಲೆಯಲ್ಲಿ ಕೂತು ನೂಲು ಹೊಸೆಯುತ್ತಾ, ನಾನು ಯಾರಿಗೆ ಬರೆಯುತ್ತಿದ್ದೇನೆ ಎಂದು ಕೇಳದೆ ಕೇಳುತ್ತಿದ್ದಾಳೆ. ಆದರೆ ಮೊನ್ನೆ ಬುಧವಾರದಿಂದ ಶುಕ್ರವಾರದವರೆಗೆ ನಾವೆಲ್ಲ ಅಜ್ಜಿಯನ್ನು ಕಳೆದುಕೊಂಡೆವು ಎಂದೇ ತಿಳಿದಿದ್ದೆವು.

ಈ ಸಲ ಹತ್ತಿ ಬಿಡಿಸುವುದು ಸಂಕ್ರಾಂತಿಗೆ ಮುಂಚೆಯೇ ಶುರುವಾಯಿತು. ಅಜ್ಜಿ ಎಪ್ಪತ್ತು ದಾಟಿದರೂ ಹತ್ತಿಯ ಕೋಣೆಯಲ್ಲಿ ರಾಶಿಯ ಮೇಲೇ ಕೂತು ಒಣ ಎಲೆಯ ಚೂರು ಆರಿಸುತ್ತಾಳೆ, ನೀನು ನೋಡಿದ್ದೀಯ. ಸೋಮವಾರ, ಮಂಗಳವಾರ ಎರಡು ದಿನ ಹಾಗೆ ಕೂತಿದ್ದಳು. ಮಂಗಳವಾರ ಸಂಜೆ ಅಪ್ಪ ಹತ್ತಿಯನ್ನು ಅಂಡಿಗೆ ಚೀಲಗಳಿಗೆ ತುಂಬಿಸಿ ಎರಡು ಗಾಡಿಯಲ್ಲಿ ಆದವಾನಿಗೆ ಕಳಿಸಿದ. ಬುಧವಾರ ಬೆಳಿಗ್ಗೆ ಅಜ್ಜಿ ಸ್ನಾನ ಮಾಡಿ ಬಂದವಳು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು. ಮುಖದಲ್ಲಿ ರಕ್ತವಿರಲಿಲ್ಲ. "ಲಿಂಗ ಕಾಣವಲ್ದು. ಬಿಳೀ ಬಟ್ಯಾಗ ಸುತ್ತಿತ್ತು. ದಾರ ಹರದೈತಿ" ಎಂದಳು. ಅಷ್ಟೇ. ಆಮೇಲೆ ಆಕೆ ನೀರು ಮುಟ್ಟಲಿಲ್ಲ.

ನಮ್ಮ ಮನೆಯಲ್ಲಿ ಇದರ ಅರ್ಥ ನಿನಗೆ ಬಿಡಿಸಿ ಹೇಳಬೇಕಿಲ್ಲ. ಕಟ್ಟಿಕೊಂಡ ಲಿಂಗ ಕಳೆದರೆ ಅದು ಸಿಗುವವರೆಗೆ ಅನ್ನನೀರಿಲ್ಲ. ಸಿಗದೆ ಪ್ರಾಣ ಬಿಟ್ಟವರ ಕಥೆಗಳನ್ನು ಅಜ್ಜಿಯೇ ನಮಗೆ ಹೇಳಿ ಮಲಗಿಸುತ್ತಿದ್ದಳಲ್ಲ. ಮನೆ ಗುಡಿಸಿದೆವು, ಬೂದಿ ಜರಡಿ ಹಿಡಿದೆವು, ಹತ್ತಿಯ ಕೋಣೆಯ ನೆಲವನ್ನು ಅಂಗೈಯಿಂದ ಸವರಿದೆವು. ಲಿಂಗ ಇಡಲು ಬೆಳ್ಳಿಯ ಕರಡಿಗೆ ಇರುವಾಗ ಬಟ್ಟೆಯಲ್ಲಿ ಯಾಕೆ ಕಟ್ಟಿಕೊಂಡೆ ಎಂದು ಅಪ್ಪ ಕೇಳಿದ. ಅಜ್ಜಿ ಗೋಡೆಯ ಕಡೆ ಹೊರಳಿದಳು. ಉಪವಾಸವಿದ್ದವಳನ್ನು ಹೆಚ್ಚು ಮಾತಾಡಿಸಬಾರದೆಂದು ಅಪ್ಪ ಮತ್ತೆ ಕೇಳಲಿಲ್ಲ. ಸಂಜೆಗೆ ಮಠದ ಅಯ್ಯನವರನ್ನು ಕರೆಸಿದ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: ವಯಸ್ಸಾದವರಿಗೆ ಇಷ್ಟು ಕಠಿಣ ಬೇಡ, ಬೇರೆ ಲಿಂಗ ತಂದು ನಾನೇ ಕಟ್ಟುತ್ತೇನೆ, ದೋಷ ನನ್ನ ಮೇಲಿರಲಿ ಎಂದು. ಅಜ್ಜಿ ಅವರಿಗೆ ಕೈಮುಗಿದು ಒಂದೇ ಮಾತು ಕೇಳಿದಳು. "ಕಳದ ಮಗನ ಬದ್ಲಿಗೆ ಬ್ಯಾರೆ ಮಗನ್ನ ಕೊಡ್ತೀನಂದ್ರ ಯಾರರ ಒಪ್ತಾರೇನ್ರಿ ಅಯ್ಯನೋರ?" ಅಯ್ಯನವರು ಎದ್ದು ಹೋದರು. ಹೋಗುವಾಗ ಅವರ ಕಣ್ಣು ಒದ್ದೆಯಾಗಿತ್ತು, ಸುಳ್ಳು ಹೇಳುತ್ತಿಲ್ಲ.

ಗುರುವಾರ ಮೂಡಣ ಕೆಂಪಾಗುವ ಹೊತ್ತಿಗೆ ಅಜ್ಜಿ ತಾನೇ ಗಾಡಿ ಕಟ್ಟಿಸಿದಳು. ಮನೆಯಲ್ಲಿ ಇಲ್ಲವೆಂದರೆ ಹತ್ತಿಯಲ್ಲಿದೆ, ಹತ್ತಿ ಎಲ್ಲಿದೆಯೋ ಅಲ್ಲಿ ನಾನಿರಬೇಕು ಎಂದಳು. ಅಪ್ಪ ಗಾಡಿ ಹೊಡೆದ, ನಾನು ಹಿಂದೆ ಕೂತು ಆಕೆಯ ತಲೆಗೆ ತೊಡೆ ಕೊಟ್ಟಿದ್ದೆ. ದಾರಿಯುದ್ದಕ್ಕೂ ಆಕೆಯ ತುಟಿ ಅಲ್ಲಾಡುತ್ತಿತ್ತು. ಮಂತ್ರವಿರಬೇಕು ಎಂದುಕೊಂಡು ಕಿವಿ ಬಗ್ಗಿಸಿದರೆ, ಎಡಗಡೆಯ ಎತ್ತು ಕುಂಟುತ್ತಿದೆ, ಅದನ್ನು ಅವಸರಪಡಿಸಬೇಡ ಎಂದು ಅಪ್ಪನಿಗೆ ಹೇಳುತ್ತಿದ್ದಳು.

ಆದವಾನಿಯ ಹತ್ತಿ ಫ್ಯಾಕ್ಟರಿ ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು, ಗೇಟು ಹಾಕಿದ್ದರು. ನಮ್ಮ ಹತ್ತಿ ಮಾರಾಟವಾಗಿ, ಅಂಡಿಗೆ ಬಿಚ್ಚಿ, ಬೇರೆ ಊರುಗಳ ಹತ್ತಿಯ ಜೊತೆ ಅಂಗಳದ ದೊಡ್ಡ ರಾಶಿಗೆ ಬಿದ್ದಿತ್ತು. ಮನೆಯ ಎತ್ತರದ ರಾಶಿ, ಅಣ್ಣ. ಅದರಲ್ಲಿ ಬಿಳಿ ಬಟ್ಟೆ ಸುತ್ತಿದ ನೆಲ್ಲಿಕಾಯಿ ಗಾತ್ರದ ಒಂದು ವಸ್ತು. ಆ ರಾತ್ರಿ ಪೇಟೆಯ ಛತ್ರದಲ್ಲಿದ್ದು ಶುಕ್ರವಾರ ಬೆಳಿಗ್ಗೆ ಮತ್ತೆ ಹೋದೆವು. ಅಜ್ಜಿಯನ್ನು ಅಂಗಳದ ಬೇವಿನ ಮರದ ಕೆಳಗೆ ಕೂರಿಸಿದೆವು. ನೆರಳಿನಲ್ಲೂ ಆಕೆ ಕಣ್ಣು ತೆರೆಯುತ್ತಿರಲಿಲ್ಲ. ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ಹತ್ತಿಯ ಬೀಜ ಬಿಡಿಸುವ ಯಂತ್ರ ನೋಡಿಕೊಳ್ಳುವ ಮೇಸ್ತ್ರಿ ನರಸಣ್ಣ ಎಂಬುವವರಿಗೆ ಅಪ್ಪ ಸಂಗತಿ ಹೇಳಿದ. ಅವರು ಹೆದರಿದರು. ಹತ್ತಿಯಲ್ಲಿ ಗಟ್ಟಿ ವಸ್ತು ಬಂದು ಯಂತ್ರದ ಕತ್ತಿಗೆ ಬಡಿದರೆ ಕಿಡಿ ಹಾರಿ ಅಂಗಳವೇ ಉರಿದುಹೋದೀತು. ಆದರೂ ಯಂತ್ರ ನಿಲ್ಲಿಸುವ ಅಧಿಕಾರ ಅವರಿಗಿಲ್ಲ. ಅಂಗಳದಲ್ಲಿ ಇನ್ನೊಂದು ಸಣ್ಣ ರಾಶಿಯಿತ್ತು. ಮಧ್ಯಾಹ್ನದವರೆಗೆ ಯಂತ್ರಕ್ಕೆ ಅದನ್ನು ತಿನ್ನಿಸುತ್ತೇನೆ, ಊಟದ ಹೊತ್ತು ಮುಗಿದ ಕೂಡಲೇ ಈ ರಾಶಿಗೆ ಕೈ ಹಾಕಲೇಬೇಕು, ಅಷ್ಟರೊಳಗೆ ನೀವು ಹುಡುಕಿಕೊಳ್ಳಿ ಎಂದರು.

ನಾನೂ ಅಪ್ಪನೂ ಹುಡುಕತೊಡಗಿದೆವು. ಇಬ್ಬರು ಮನುಷ್ಯರು, ಮನೆಯೆತ್ತರದ ಹತ್ತಿ. ಬುಟ್ಟಿ ಹೊರುವ ಹೆಂಗಸರು ಆಚೆಯಿಂದ ಈಚೆಗೆ ಓಡಾಡುತ್ತಿದ್ದರು. ಅವರನ್ನು ಕೇಳಬೇಕು ಎಂದು ನಾನು ಮೂರು ಸಲ ಹೋದೆ, ಮೂರು ಸಲವೂ ಗೋಡೆಯ ಹತ್ತಿರ ನಿಂತು ಬಂದೆ. ನಾಲ್ಕನೆಯ ಸಲ ಅವರ ಗುಂಪಿನ ಹಿರಿಯಳು, ದಸ್ತಗಿರಮ್ಮ ಎಂದು ಆಮೇಲೆ ತಿಳಿಯಿತು, ಬುಟ್ಟಿ ಇಳಿಸಿ, "ಏನಪಾ, ಹೆಣ್ಣು ನೋಡಾಕ ಬಂದೀಯೇನು, ಗ್ವಾಡಿ ಹಿಡ್ಕಂಡು ನಿಂತೀದಿ?" ಎಂದಳು. ಎಲ್ಲರೂ ನಕ್ಕರು. ನಾನು ಬೇವಿನ ಮರದ ಕಡೆ ಕೈ ತೋರಿಸಿದೆ. ಆಮೇಲೆ ಹೇಗೋ ಹೇಳಿದೆ. ದೇವರು ಈ ಹತ್ತಿಯಲ್ಲಿ ಕಳೆದಿದೆ, ಅಜ್ಜಿ ಮೂರು ದಿನದಿಂದ ನೀರು ಕುಡಿದಿಲ್ಲ ಎಂದು. ನಾನು ಇಷ್ಟು ವರ್ಷ ಓದಿದ್ದರಲ್ಲಿ ಒಂದು ಸಾಲೂ ಆಗ ನೆರವಿಗೆ ಬರಲಿಲ್ಲ. ನಗು ನಿಂತಿತು. ದಸ್ತಗಿರಮ್ಮ ಮರದ ಕೆಳಗೆ ಹೋಗಿ ಅಜ್ಜಿಯ ಮುಖ ನೋಡಿ ಬಂದಳು. ಮತ್ತೆ ಬುಟ್ಟಿ ಎತ್ತಿಕೊಂಡು ಹೊರಟಳು. ಇಷ್ಟೇ ಇರಬೇಕು ಎಂದು ನಾನು ರಾಶಿಗೆ ಹಿಂತಿರುಗಿದೆ.

ಫ್ಯಾಕ್ಟರಿಯ ಊಟದ ಕೂಗು ಆಯಿತು. ಹೆಂಗಸರು ಗೋಡೆಯ ನೆರಳಿಗೆ ಹೋಗಿ ಬುತ್ತಿ ಬಿಚ್ಚಬೇಕಾದ ಹೊತ್ತು. ನಾನು ತಲೆಯೆತ್ತಿ ನೋಡಿದರೆ ಇಪ್ಪತ್ತು ಇಪ್ಪತ್ತೈದು ಜನ ಸೀರೆ ಎತ್ತಿ ಕಟ್ಟಿಕೊಂಡು ರಾಶಿಯ ಸುತ್ತ ಕೂತಿದ್ದಾರೆ. ಯಾರೋ ಹುಡುಗಿ ಹಸಿವು ಎಂದಳೇನೋ, ದಸ್ತಗಿರಮ್ಮ ತೆಲುಗಿನಲ್ಲಿ, "ಅವ್ವ ತಿನಲೇದು, ಮನಮೆಟ್ಲಾ ತಿಂಟಾಮೇ" ಎಂದಳು. ಮುದುಕಿ ಉಂಡಿಲ್ಲ, ನಾವು ಹೇಗೆ ಉಣ್ಣುತ್ತೇವೆ ಎಂದು. ಅವರು ನಮ್ಮ ಹಾಗೆ ಕೆದಕಲಿಲ್ಲ. ಹಿಡಿ ಹಿಡಿಯಾಗಿ ಹತ್ತಿ ತೆಗೆದು, ಹಿಂಡಿ ನೋಡಿ, ಬೆನ್ನ ಹಿಂದೆ ಹಾಕುತ್ತಾ, ರಾಶಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುತ್ತಾ ಹೋದರು. ದಿನಾ ಮಾಡುವ ಕೈಗಳು. ಇನ್ನೇನು ಎರಡನೆಯ ಕೂಗು ಆಗಬೇಕು, ಆಗ ದಸ್ತಗಿರಮ್ಮ ನನ್ನ ಹೆಸರು ತಿಳಿಯದೆ "ಗ್ವಾಡಿ ಅಪ್ಪಾ" ಎಂದು ಕರೆದಳು. ಆಕೆಯ ಮಡಿಲಲ್ಲಿ ಹತ್ತಿಯ ಗೂಡು, ಗೂಡಿನ ನಡುವೆ ಹರಿದ ದಾರದ ಆ ಬಿಳಿ ಗಂಟು. ಗಟ್ಟಿಯಾಗಿ ಸಿಕ್ಕಿದ ಕೂಡಲೇ ಕೈ ತೆಗೆದು, ಹತ್ತಿಯ ಸಮೇತ ಸೆರಗಿಗೆ ಸುರಿದುಕೊಂಡಿದ್ದಳಂತೆ.

ಹಾಗೆಯೇ ಸೆರಗು ಹಿಡಿದು ಅಜ್ಜಿಯ ಮುಂದೆ ಹೋಗಿ ಕೂತಳು. ಅಜ್ಜಿ ಕಣ್ಣು ತೆರೆದಳು. ಅಂಗೈ ಚಾಚಿದಳು, ಆದರೆ ತಾನಾಗಿ ತೆಗೆದುಕೊಳ್ಳಲಿಲ್ಲ. "ನಿನ್ನ ಕೈಲೆ ಕೊಡವ್ವ" ಎಂದಳು. ದಸ್ತಗಿರಮ್ಮ ಹಿಂದೆ ಸರಿದಳು. "ನಾ ಮುಟ್ಟಬಾರದಮ್ಮ, ನಾವು ಖಂಡ ತಿನ್ನೋ ಮಂದಿ" ಎಂದಳು. ಅಪ್ಪ ಹತ್ತಿರವೇ ನಿಂತಿದ್ದ, ನಾನು ಅವನ ಮುಖ ನೋಡಿದೆ. ಅಜ್ಜಿ ಕೈ ಹಿಂದಕ್ಕೆ ತೆಗೆಯದೆ ಹೇಳಿದಳು: "ಇವತ್ತು ನೀ ಏನೂ ತಿಂದಿಲ್ಲಲ್ಲ. ಕೊಡು."

ಅಣ್ಣ, ಆ ಹೆಂಗಸು ಎರಡೂ ಕೈಯನ್ನು ಸೀರೆಗೆ ಒರೆಸಿಕೊಂಡು, ಹಸುಗೂಸನ್ನು ಎತ್ತುವಂತೆ ಅದನ್ನು ಎತ್ತಿ ಅಜ್ಜಿಯ ಅಂಗೈಯಲ್ಲಿಟ್ಟಳು.

ಅಂಗಳದ ತೊಟ್ಟಿಯ ಹತ್ತಿರ ಹೆಂಗಸರೇ ಅಜ್ಜಿಯನ್ನು ಕೈಹಿಡಿದು ಕರೆದೊಯ್ದು ತಲೆಗೆ ನೀರು ಹಾಕಿದರು. ಅಜ್ಜಿ ಗೋಡೆಯ ಕಡೆ ಮುಖ ಮಾಡಿ, ಸೆರಗು ಮುಸುಕು ಹಾಕಿ, ವಿಭೂತಿ ಧರಿಸಿ ಪೂಜೆಗೆ ಕೂತಳು. ನಾನು ತಂಬಿಗೆ ಹಿಡಿದು ಪಕ್ಕದಲ್ಲಿದ್ದೆ. ಆಮೇಲೆ ತೀರ್ಥ ತೆಗೆದುಕೊಂಡಳು. ಆಕೆಯ ಗಂಟಲು ಅಲ್ಲಾಡಿದ್ದನ್ನು ನೋಡಿ ನಾನು ತಂಬಿಗೆಯಲ್ಲಿದ್ದ ನೀರು ಅರ್ಧ ಚೆಲ್ಲಿಬಿಟ್ಟೆ. ನರಸಣ್ಣನವರು ಎರಡನೆಯ ಕೂಗನ್ನು ತಡ ಮಾಡಿಸಿದರು, ಯಂತ್ರಕ್ಕೆ ಎಣ್ಣೆ ಬಿಡಬೇಕು ಎಂದು ಆಫೀಸಿಗೆ ಹೇಳಿ ಕಳಿಸಿದರಂತೆ. ಎಲ್ಲರೂ ಮರದ ಕೆಳಗೆ ಒಂದೇ ಸಾಲಿನಲ್ಲಿ ಬುತ್ತಿ ಬಿಚ್ಚಿದರು. ಅವ್ವ ಕಟ್ಟಿಕೊಟ್ಟಿದ್ದ ರೊಟ್ಟಿ ಮುರಿದು ಅಜ್ಜಿ ಮೊದಲ ತುಂಡನ್ನು ದಸ್ತಗಿರಮ್ಮನಿಗೆ ಕೊಟ್ಟು, ಆಕೆಯ ಗಂಟಿನಲ್ಲಿದ್ದ ಪುಂಡಿಪಲ್ಯ ಕೇಳಿ ಹಾಕಿಸಿಕೊಂಡಳು. ಉಪ್ಪು ಕಡಿಮೆ ಎಂದೂ ಹೇಳಿದಳು.

ಬರದ ವರ್ಷ ಗಂಜಿ ಕೇಂದ್ರದಲ್ಲಿ ನೀನು ಕೇಳಿದ್ದು ಇಂಥ ಒಂದೇ ಸಾಲನ್ನಲ್ಲವೇ? ಹಸಿದವರಿಗೆ ಬೇರೆ ಬೇರೆ ಸಾಲು ಯಾಕೆ ಎಂದು ಕೇಳಿದೆ. ಅಪ್ಪನೂ ಹಿರಿಯರೂ ಒಪ್ಪಲಿಲ್ಲ. ಹಸಿವು ಕಾಣದ ದೇವರು ನನಗೆ ಬೇಡ ಎಂದು ಕೊರಳಿನ ಲಿಂಗ ತೆಗೆದು ದೇವರ ಜಗಲಿಯ ಮೇಲಿಟ್ಟು ನೀನು ಮನೆ ಬಿಟ್ಟು ಹೊರಟೆ. ಅಪ್ಪ ಅದನ್ನು ಹೊಳೆಗೆ ಬಿಡಿಸಿದ ಎಂದು ನಾನೇ ನಿನಗೆ ಬರೆದಿದ್ದೆ. ಆ ಕಲ್ಲಿನಿಂದ ಯಾರಿಗೇನು ಉಪಯೋಗ ಎಂದು ನೀನು ತಿರುಗಿ ಬರೆದೆ. ಆದರೆ ಶುಕ್ರವಾರ ಆ ಸಾಲಿನ ಕೊನೆಗೆ ಅಪ್ಪ ಬಂದು, ರುಮಾಲು ಬಿಚ್ಚಿ ಪಕ್ಕಕ್ಕಿಟ್ಟು, ಯಾರ ಮುಖವನ್ನೂ ನೋಡದೆ ಕೂತು ಉಂಡ. ಗಾಡಿಯಲ್ಲಿ ಬರುವಾಗ ಒಂದೇ ಮಾತು ಆಡಿದ: "ಆದೆಪ್ಪ ಇರಬೇಕಿತ್ತು." ಇದನ್ನು ಬರೆಯಲೆಂದೇ ಈ ಕಾಗದ.

ಅಜ್ಜಿ ಬರೆಯಬೇಡ ಎಂದ ಸಂಗತಿ ಒಂದಿದೆ, ಅದನ್ನು ಬರೆದಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು. ಅವ್ವ ನಿನ್ನನ್ನು ಕೇಳಿದ್ದಾಳೆ, ಅಪ್ಪನೂ ಕೇಳಿದ್ದಾನೆ ಎಂದೇ ತಿಳಿದುಕೋ. ಅಜ್ಜಿ ಅಲ್ಲಿಂದಲೇ ಕೈಯೆತ್ತಿ ಹರಸುತ್ತಿದ್ದಾಳೆ. ಕಾಗದ ಯಾರಿಗೆ ಎಂದು ಈವರೆಗೂ ಕೇಳಿಲ್ಲ.

ನಿನ್ನ ಪ್ರೀತಿಯ ತಮ್ಮ,
ಉರುಕುಂದಪ್ಪ

ಮರೆತ ಮಾತು: ಸಹಿ ಹಾಕಿದ ಮೇಲೆ ಬರೆದದ್ದು ಕಾಗದದ ಒಳಗೆ ಸೇರುವುದಿಲ್ಲ ಎಂದು ಧೈರ್ಯ ಮಾಡುತ್ತಿದ್ದೇನೆ. ಸಂತೆಗೆ ಹೊರಟವರ ಕೈಲಿ ಕೊಡಬೇಕು, ಅವರು ಬಾಗಿಲಲ್ಲಿದ್ದಾರೆ. ತೊಟ್ಟಿಯ ಹತ್ತಿರ ಅಜ್ಜಿ ಪೂಜೆಗೆ ಕೂತಾಗ ಮುಸುಕಿನೊಳಗೆ ನಾನು ಕಂಡದ್ದು ಎರಡು ಲಿಂಗ. ಆಕೆಯದು ಬೆಳ್ಳಿಯ ಕರಡಿಗೆಯಲ್ಲಿ ಮೂರು ದಿನವೂ ಕೊರಳಲ್ಲೇ ಇತ್ತು. ಹತ್ತಿಯಲ್ಲಿ ಬಿದ್ದದ್ದು ನಿನ್ನದು. ಹೊಳೆಗೆ ಬಿಡಲು ಅಪ್ಪ ಕೊಟ್ಟದ್ದನ್ನು ಆಕೆ ಬಿಟ್ಟೇ ಇರಲಿಲ್ಲ. ಎರಡೂವರೆ ವರ್ಷದಿಂದ ಕುಪ್ಪಸದ ತೋಳಿನೊಳಗೆ ರಟ್ಟೆಗೆ ಕಟ್ಟಿಕೊಂಡು, ದಿನಾ ತನ್ನದಕ್ಕಿಂತ ಮೊದಲು ಅದಕ್ಕೆ ನೀರೆರೆದು ಉಣ್ಣುತ್ತಿದ್ದಳಂತೆ. "ನಿಮ್ಮಣ್ಣಗ ಬರಿಬ್ಯಾಡ, ಮುದುಕಿ ಉಪವಾಸ ಇದ್ಲು ಅಂತ ಅಂವ ಬರಾದು ಬ್ಯಾಡ, ತಾನಾಗೆ ಬರಲಿ" ಎಂದಳು. ಈಗ ಪಡಸಾಲೆಯಲ್ಲಿ ಹೊಸೆಯುತ್ತಿರುವ ನೂಲು ನಿನ್ನ ಲಿಂಗದ ಶಿವದಾರದ್ದು, ಮತ್ತೆ ಹರಿಯದಿರಲೆಂದು ಈ ಸಲ ಎಂಟೆಳೆ. ಅಳತೆಗೆ ನನ್ನ ಕೊರಳು ಹಿಡಿದು ನೋಡಿದಳು, ನೀನು ಸೊರಗಿದ್ದರೆ ಸಡಿಲಾದೀತು ಎಂದು ಆಕೆಗೆ ಚಿಂತೆ. ಕಟ್ಟಿಕೋ ಎಂದು ನಾನು ಹೇಳುವುದಿಲ್ಲ, ಅಣ್ಣ. ಒಂದು ಸಲ ಬಂದು ಅಳತೆ ಕೊಟ್ಟು ಹೋಗು.