ಮೂರನೆಯ ನೀರು

ದೊಡ್ಡಮ್ಮಾ,

ವರ್ಷದ ಕೊನೆಯ ರಜೆ ಶುರುವಾಗಿದೆ. ನಿನ್ನ ಉಂಡೆ ಕಟ್ಟಲು ಅಮ್ಮ ಖರ್ಜೂರದ ಬೀಜ ತೆಗೆಯುತ್ತಿದ್ದಾಳೆ. ಒಣ ಅಂಜೂರ ಹೆಚ್ಚಿಯಾಗಿದೆ, ಅಕ್ರೋಟು ಹುರಿದಿಟ್ಟಿದ್ದೇನೆ. ಕಿತ್ತಳೆ ಸಿಪ್ಪೆ ಒಲೆಯ ಮೇಲಿದೆ. ಅದು ಬೇಯುವಷ್ಟರಲ್ಲಿ ಈ ಕಾಗದ ಮುಗಿಸಬೇಕು. ಎದುರು ಕೂತು ಹೇಳುವ ಬಾಯಿ ನನಗೆ ಯಾವತ್ತೂ ಇರಲಿಲ್ಲವಲ್ಲ. "ಇದರ ಹೊಟ್ಟೇಲಿ ಮಾತಿದೆ, ಬಾಯಿಗೆ ಬೀಗ ಇದೆ" ಎಂದು ನೀನೇ ಅನ್ನುತ್ತಿದ್ದೆ.

"ಕಹಿ ಬಿಡೋಕೆ ಸಿಪ್ಪೆಗೆ ಮೂರು ನೀರು. ಒಂದು ಕಮ್ಮಿ ಆದ್ರೆ ವಿಷ, ಒಂದು ಜಾಸ್ತಿ ಆದ್ರೆ ಹುಲ್ಲು." ಹಾಗೆನ್ನುತ್ತಾ ನೀನು ಪ್ರತಿ ಸಲ ಕುದಿಸಿದ ನೀರು ಚೆಲ್ಲಿ, ಕಿಟಕಿಯ ಕಟ್ಟೆಯ ಮೇಲೆ ಒಂದು ಕಿತ್ತಳೆ ಬೀಜ ಇಡುತ್ತಿದ್ದೆ. ಮೂರು ಬೀಜವಾದ ಮೇಲೆಯೇ ಸಕ್ಕರೆ ಪಾಕ. ಮೊದಲ ಉಂಡೆ ನನ್ನ ಬಾಯಿಗೆ. "ಯಾರು ಬೇಕಾದ್ರೂ ಹೊಗಳಲಿ, ಇದರ ನಾಲಿಗೆ ಹೂಂ ಅನ್ಬೇಕು."

ನಿನ್ನ ಕೊನೆಯ ರಜೆಯಲ್ಲಿ ಕಟ್ಟೆಯ ಮೇಲೆ ಎರಡೇ ಬೀಜಗಳಿದ್ದವು. ನೀನು ಆಗಲೇ ಸಕ್ಕರೆ ಸುರಿಯುತ್ತಿದ್ದೆ. ಆ ಬೆಳಿಗ್ಗೆ ನಾನು ಚಹಾಕ್ಕೆ ಸಕ್ಕರೆಯೆಂದು ಉಪ್ಪು ಹಾಕಿಬಿಟ್ಟಿದ್ದೆ. ನನ್ನ ಬಾಯಲ್ಲಿದ್ದುದನ್ನು ಉಗಿದು ಓಡಿ ಬರುವಷ್ಟರಲ್ಲಿ ನೀನು ಪೂರ್ತಿ ಕುಡಿದು ಲೋಟ ತೊಳೆಯುತ್ತಿದ್ದೆ. ಕಾಯಿಲೆಗೆಂದು ನಡೆಯುತ್ತಿದ್ದ ಚಿಕಿತ್ಸೆ ನಿನ್ನ ನಾಲಿಗೆಯ ರುಚಿಯನ್ನೂ ಒಯ್ದಿದೆ, ಅದನ್ನು ನೀನು ಯಾರಿಗೂ ಹೇಳಿಲ್ಲ ಎಂದು ಆಗ ತಿಳಿಯಿತು. ಹಾಗಾಗಿ ಉಂಡೆಯ ಕಹಿ ಗಂಟಲಿಗಿಳಿದಾಗ, ಹುಬ್ಬೆತ್ತಿ ಕಾಯುತ್ತಿದ್ದ ನಿನ್ನ ಮುಖ ಬಾಡಬಾರದೆಂದು ನಾನು ಹೇಳಿದೆ: "ಚೆನ್ನಾಗಿದೆ."

ಸಂಜೆ ಎಲ್ಲರೂ ಸೇರಿದಾಗ ಮಾವ ಬಾಯಿಗಿಟ್ಟವನೇ ಮುಖ ಕಿವುಚಿದ. "ಏನಕ್ಕಾ, ಸಿಹಿ ಅಂತ ಕರೆದು ಕಷಾಯ ಕುಡಿಸ್ತೀಯಲ್ಲ!" ಎಲ್ಲರೂ ನಕ್ಕರು. ನೀನೂ ನಕ್ಕೆ. ನಗುತ್ತಲೇ ನನ್ನ ಕಡೆ ತಿರುಗಿ ನೋಡಿದೆ. ಆ ನೋಟದಲ್ಲಿ ಬೈಗುಳವಿದ್ದಿದ್ದರೆ ಚೆನ್ನಾಗಿತ್ತು. ನೀನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ, ಮತ್ತೆ ಒಲೆಯ ಮುಂದೆ ನಿಲ್ಲಲೇ ಇಲ್ಲ. ಬೇಸಿಗೆ ಬರುವ ಮೊದಲೇ ನಮ್ಮನ್ನೆಲ್ಲ ಬಿಟ್ಟು ಹೊರಟುಹೋದೆ.

ಐದು ವರ್ಷದಿಂದ ಸಿಪ್ಪೆ ಬೇಯಿಸುವವಳು ನಾನು. ಮೂರು ಬೀಜ ಇಡುತ್ತೇನೆ, ತಿರುಗಿ ನೋಡಿದರೆ ಎರಡೇ ಇರುತ್ತವೆ. ಕಿಟಕಿ ಮುಚ್ಚಿಯೇ ಇರುತ್ತದೆ, ನೆಲದಲ್ಲೂ ಸಿಗುವುದಿಲ್ಲ. ಬೆನ್ನ ಹಿಂದೆ ಯಾರೋ ಹುಬ್ಬೆತ್ತಿ ಕಾಯುತ್ತಿರುವಂತೆ ಕುತ್ತಿಗೆ ತಣ್ಣಗಾಗುತ್ತದೆ. ಹೆದರಿ ಮತ್ತೊಮ್ಮೆ ಕುದಿಸುತ್ತೇನೆ, ಮಗದೊಮ್ಮೆ. ತಿಂದವರು "ಚೆನ್ನಾಗಿದೆ" ಅನ್ನುತ್ತಾರೆ. ಆ ಒಂದು ಮಾತು ಕೇಳಿದೊಡನೆ ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತೇನೆ. ಹೋದ ವರ್ಷ ಮಾವ ಮಾತ್ರ ಬಹಳ ಹೊತ್ತು ಮೆಲ್ಲುತ್ತಾ ಕೂತಿದ್ದ. "ಹುಲ್ಲು ಮೇದ ಹಾಗಿದೆ ಕಣೇ. ಅಕ್ಕನ ಕಷಾಯಾನೇ ವಾಸಿ" ಅಂದು ಕಣ್ಣೊರೆಸಿಕೊಂಡ.

ಈಗಷ್ಟೇ ಮೂರನೆಯ ನೀರು ಚೆಲ್ಲಿ ಬಂದೆ. ಕಟ್ಟೆಯ ಮೇಲೆ ಎರಡು ಬೀಜ. ಇರಲಿ. ಈ ಸಲ ನಾಲ್ಕನೆಯ ನೀರು ಇಡುವುದಿಲ್ಲ. ಮೊದಲ ಉಂಡೆಯನ್ನು ನೀನು ನಿಲ್ಲುತ್ತಿದ್ದ ಜಾಗದಲ್ಲೇ ನಿಂತು ತಿನ್ನುತ್ತೇನೆ. ಕಹಿಯಾಗಿದ್ದರೆ ಕಹಿ ಎಂದು, ಅಮ್ಮನಿಗೂ ಕೇಳಿಸುವಷ್ಟು ಜೋರಾಗಿ ಹೇಳುತ್ತೇನೆ. ಅಲ್ಲಿಯವರೆಗೆ ಆ ಮೂರನೆಯ ಬೀಜ ನಿನ್ನ ಬಳಿಯೇ ಇರಲಿ. ಹೋದ ಕಡೆ ನಿನ್ನ ನಾಲಿಗೆಗೆ ಎಲ್ಲ ರುಚಿಯೂ ಮರಳಿ ಬಂದಿರಲಿ, ದೊಡ್ಡಮ್ಮ.

ನಿನ್ನ
ಬಾಯಿಗೆ ಬೀಗದ ಹುಡುಗಿ